ಫಕೀರಪ್ಪ ಹೊಲಿಸಿದ ಚಪ್ಪಲಿ

ಕೈಯಲ್ಲಿರುವ ಕೆಲಸ ಎರಡು ನಿಮಿಷ ಬದಿಗಿಟ್ಟು ಓದಿ... ಕೊನೆಯವರೆಗೂ ಓದಿ.

ಸುಮಾರು ಐವತ್ತೈದು ವರ್ಷದ ಹಿಂದಿನ ಮಾತು. ಉತ್ತರ ಕರ್ನಾಟಕದ ಒಂದು ದೊಡ್ಡಾಸ್ಪತ್ರೆ. ತಲೆಯೊಳಗೆ ಇಣುಕಿ ನೋಡುವ ಸ್ಕ್ಯಾನಿಂಗ್ ಮಷಿನ್ನಿನ ಹೆಸರನ್ನೇ ಯಾರೂ ಕೇಳಿರದ ಕಾಲ...

ಆ ಆಸ್ಪತ್ರೆಗೆ ಬಂದ ಮೊಟ್ಟಮೊದಲ ನರರೋಗ ತಜ್ಞರು ಡಾ. ಮಾಧವರಾವ್ ತಡಕೋಡ. ಜನರ ಬಾಯಲ್ಲಿ "ನರದ ಡಾಕ್ಟ್ರು". ಉಳಿದ ಡಾಕ್ಟರುಗಳು ಮಾತ್ರ ಬೆನ್ನ ಹಿಂದೆ "ಚಪ್ಪಲಿ ಡಾಕ್ಟ್ರು" ಅಂತ ನಗುತ್ತಿದ್ದರು.

ಯಾಕೆ ಗೊತ್ತಾ?

ರೋಗಿ ಒಳಗೆ ಬಂದು ಕೂತರೆ ಇವರು ಎದ್ದು ಹೊರಗೆ ಹೋಗುತ್ತಿದ್ದರು. ಬಾಗಿಲಲ್ಲಿ ಬಿಟ್ಟ ಚಪ್ಪಲಿ ಎತ್ತಿ, ತಿರುವಿ, ತಳ ನೋಡುತ್ತಿದ್ದರು. ತುದಿ ಸವೆದಿದ್ದರೆ ಆ ಕಾಲು ನೆಲಕ್ಕೆ ಎಳೆಯುತ್ತಿದೆ ಎಂದೇ ಅರ್ಥ.

"ರೋಗಿ ಸುಳ್ಳು ಹೇಳ್ತಾನ, ಮನಿ ಮಂದಿ ಸುಳ್ಳು ಹೇಳ್ತಾರ... ಚಪ್ಪಲಿ ಹೇಳೂದಿಲ್ಲ" ಅನ್ನುವುದು ಅವರ ಮಾತು.

ಆ ಬಾಗಿಲಲ್ಲಿ ಕೂತಿರುತ್ತಿದ್ದವನು ಅಟೆಂಡರ್ ಫಕೀರಪ್ಪ. ಓದು ಬರಹ ಬಾರದ ಮನುಷ್ಯ. ಆದರೆ ಹತ್ತು ವರ್ಷ ಸಾಹೇಬರ ಜೊತೆ ಚಪ್ಪಲಿ ನೋಡಿ ನೋಡಿ ಅವನ ಕಣ್ಣೂ ಪಳಗಿಬಿಟ್ಟಿತ್ತು.

ನಮ್ಮ ಜನರದ್ದು ಒಂದು ಅಭ್ಯಾಸ ನೋಡಿ... ಪಟ್ಟಣಕ್ಕೆ, ಅದೂ ದೊಡ್ಡ ಡಾಕ್ಟರ ಹತ್ತಿರ ಹೋಗುವುದಾದರೆ ಹೊಸ ಚಪ್ಪಲಿ ಮೆಟ್ಟಿಕೊಂಡೇ ಹೋಗಬೇಕು!

ಹಾಗೆ ಬಂದವರೊಬ್ಬರು, ಊರ ಡಾಕ್ಟರು ಚೀಟಿ ಕೊಟ್ಟು ಕಳಿಸಿದ್ದ ನಿವೃತ್ತ ಕನ್ನಡ ಮಾಸ್ತರರು. "ನಂಗೇನಾಗೇದ, ಆರಾಮಿದೀನಿ" ಅಂದರು. ಮಗನೂ ತಲೆಯಾಡಿಸಿದ. ಚಪ್ಪಲಿ ಹೊಚ್ಚ ಹೊಸದು. ಅವತ್ತು ರೋಗಿಗಳ ಸಾಲು ಬಾಗಿಲಾಚೆಗೂ ನಿಂತಿತ್ತು... ಡಾಕ್ಟರು ಅವಸರದಲ್ಲಿ ನೋಡಿ ಕಳಿಸಿದರು.

ಆರು ತಿಂಗಳ ನಂತರ ಮಾಸ್ತರರನ್ನು ನಾಲ್ಕು ಜನ ಹೊತ್ತು ತಂದರು.

"ಮೊದಲೇ ಕಾಲು ಎಳೀತಿತ್ರಿ... ಅಪ್ಪಗ ಬ್ಯಾಸರ ಆಗ್ತದಂತ ಮನ್ಯಾಗ ಯಾರೂ ಬಾಯಿ ಬಿಡಲಿಲ್ಲ" ಅಂದ ಮಗ.

ಡಾಕ್ಟರು ಸಿಟ್ಟಾದದ್ದನ್ನು ಫಕೀರಪ್ಪ ಅವತ್ತೇ ಮೊದಲು ನೋಡಿದ್ದು. "ಪ್ರೀತಿ ಮಾಡ್ರಿ, ಬ್ಯಾಡ ಅನ್ನೂದಿಲ್ಲ. ಆದ್ರ ಮುಚ್ಚಿ ಇಡಬ್ಯಾಡ್ರಿ. ಆಗs ಹೇಳಿದ್ರ ನಿಮ್ಮಪ್ಪನ್ನ ನಡಸ್ತಿದ್ದೆ ನಾನು."

ಆಮೇಲೆ ಕೋಣೆಯೊಳಗೆ ಹೋಗಿ ಒಬ್ಬರೇ ಕೂತರು. ತಪ್ಪು ತನ್ನದೂ ಹೌದು ಅಂತ ಅವರಿಗೆ ಗೊತ್ತಿತ್ತು.

ವರ್ಷ ಕಳೆಯಿತು...

ಒಂದು ಮುಂಜಾನೆ ಫಕೀರಪ್ಪ ಸಾಲಾಗಿ ಚಪ್ಪಲಿ ಜೋಡಿಸುತ್ತಿದ್ದ. ಒಂದು ಜೋಡಿ ಕೈಗೆತ್ತಿಕೊಂಡವನು ಅಲ್ಲೇ ಕೂತುಬಿಟ್ಟ.

ಬಲಗಾಲಿನ ತುದಿ ಸವೆದಿತ್ತು.

ಅದು ಡಾಕ್ಟರದೇ ಚಪ್ಪಲಿ. ರೋಗಿ ಬರಿಗಾಲಲ್ಲಿ ಇರುವಾಗ ತಾನೂ ಬರಿಗಾಲಲ್ಲೇ ಇರಬೇಕು ಅಂತ ಅವರೂ ಅಲ್ಲೇ ಬಿಡುತ್ತಿದ್ದರು.

ಫಕೀರಪ್ಪ ಯಾರಿಗೂ ಹೇಳಲಿಲ್ಲ. ಮಧ್ಯಾಹ್ನ ಆ ಚಪ್ಪಲಿಯನ್ನು ಅಂಗಿಯೊಳಗೆ ಅಡಗಿಸಿಕೊಂಡು ಗೇಟಿನ ಬಳಿಯ ಮೋಚಿ ಹತ್ತಿರ ಓಡಿದ. ಗುರುತು ಸಿಗದ ಹಾಗೆ ಹಳೇ ಚರ್ಮದ ತುಂಡನ್ನೇ ತುದಿಗೆ ಹೊಲಿಸಿ ತಂದಿಟ್ಟ.

ಸವೆದಾಗಲೆಲ್ಲ ಹೊಲಿಸಿದ. ಹೀಗೆ ಮೂರು ತಿಂಗಳು...

ಒಂದು ದಿನ ಒಪಿಡಿ ಮುಗಿಸಿ ಹೊರಬಂದ ಡಾಕ್ಟರು ತಮ್ಮ ಚಪ್ಪಲಿ ತಿರುವಿ ನೋಡಿ ನಕ್ಕರು.

"ಫಕೀರಪ್ಪ, ನಿನಗೊಬ್ಬನಿಗೇ ಹೇಳ್ತೀನಿ. ಈಚೆಗೆ ಬಲಗೈ ಸ್ವಲ್ಪ ನಡಗ್ತದ. ಬರಿಯೂ ಅಕ್ಷರ ಸಣ್ಣ ಆಗ್ಯಾವ. ಹೆದರಿಕಿ ಆಗಿ ದಿನಾ ಈ ಚಪ್ಪಲಿ ನೋಡ್ತೀನಿ... ತಳ ಛಲೋ ಅದ. ಅಂದಮ್ಯಾಲೆ ನನಗೇನೂ ಆಗಿಲ್ಲ, ವಯಸ್ಸಿಂದು ಅಷ್ಟ."

ಫಕೀರಪ್ಪನ ಕಣ್ಣ ಮುಂದೆ ನಾಲ್ಕು ಜನ ಹೊತ್ತು ತಂದಿದ್ದ ಆ ಮಾಸ್ತರರು ಬಂದರು. ಅವನು ಸಾಹೇಬರ ಕಾಲು ಹಿಡಿದುಕೊಂಡು ಮಗುವಿನ ಹಾಗೆ ಅತ್ತುಬಿಟ್ಟ.

"ಅದು ನಿಮ್ಮ ತಳ ಅಲ್ರೀ ಸಾಹೇಬ್ರ... ನಾ ಹೊಲಿಸಿದ್ದು. ನಿಮಗ ಗೊತ್ತಾದ್ರ ಎದಿ ಒಡಕೊಂಡು ದವಾಖಾನಿಗೆ ಬರೂದs ಬಿಡ್ತೀರಿ ಅಂತ ಅಂಜಿಕಿ ಆತ್ರಿ. ತಪ್ಪಾತು..."

ಡಾಕ್ಟರು ಚಪ್ಪಲಿ ಕೆಳಗಿಟ್ಟರು. ಆಮೇಲೆ ಅದೇ ಹೊಸ್ತಿಲ ಮೇಲೆ, ಅಟೆಂಡರನ ಪಕ್ಕದಲ್ಲೇ ಕೂತರು. ಅವನ ಬೆನ್ನ ಮೇಲೆ ಕೈಯಿಟ್ಟರು. ಆ ಕೈ ನಡುಗುತ್ತಿತ್ತು.

"ಅಳಬ್ಯಾಡ. ಈಗರ ಹೇಳಿದ್ಯಲ್ಲ... ಇನ್ನ ಮ್ಯಾಲೆ ಹೊಲಿಸಬ್ಯಾಡ, ಆತಾ?"

ಮರುದಿನ ಮೆಡಿಕಲ್ ವಿದ್ಯಾರ್ಥಿಗಳ ಕ್ಲಾಸು. ಟೇಬಲ್ ಮೇಲೆ ಹೊಲಿಗೆ ಬಿಚ್ಚಿದ ಒಂದು ಜೋಡಿ ಚಪ್ಪಲಿ. ಡಾಕ್ಟರ ಕುರ್ಚಿಯಲ್ಲಿ ಖಾಕಿ ಅಂಗಿಯ ಫಕೀರಪ್ಪ, ಬೆವರುತ್ತಾ ಕೂತಿದ್ದ.

"ರೋಗ ಪಾರ್ಕಿನ್ಸನ್. ರೋಗಿ ನಾನು" ಅಂದರು ಡಾಕ್ಟರು. "ನನಗಿಂತ ಮೊದಲು ಕಂಡುಹಿಡಿದವ ಇಂವ. ಎದ್ದು ನಿಂತು ನಮಸ್ಕಾರ ಮಾಡ್ರಿ."

ಇಡೀ ಕ್ಲಾಸು ಎದ್ದು ನಿಂತಿತು. ಮೂರನೇ ಬೆಂಚಿನಲ್ಲಿ ನಿಂತು ಕಣ್ಣೊರೆಸಿಕೊಂಡ ಹುಡುಗಿ ನಾನೇ...

ಆಮೇಲೂ ಆರು ವರ್ಷ ಅವರು ಪಾಠ ಮಾಡಿದರು. ಕೈ ನಡುಗಿದಾಗ, ರೋಗಿಯ ಮೊಣಕಾಲು ತಟ್ಟಿ ನೋಡುವ ಪುಟ್ಟ ಸುತ್ತಿಗೆ ಹಿಡಿದವನು ಫಕೀರಪ್ಪ. ಹೆಜ್ಜೆ ತಡೆದಾಗ ಹೆಗಲು ಕೊಟ್ಟವನೂ ಅವನೇ.

ನಿವೃತ್ತಿಯ ದಿನ ಫಕೀರಪ್ಪ ಬಗ್ಗಿ ಅವರ ಕಾಲಿಗೆ ಚಪ್ಪಲಿ ತೊಡಿಸುತ್ತಿದ್ದ. ಡಾಕ್ಟರು ಮೆಲ್ಲಗೆ ಕೇಳಿದರು...

"ಸವದಾವೇನೋ?"

ಅವನು ಕಣ್ಣೊರೆಸಿಕೊಳ್ಳಲಿಲ್ಲ, ತಲೆ ತಗ್ಗಿಸಲೂ ಇಲ್ಲ.

"ಸವದಾವ್ರಿ ಸಾಹೇಬ್ರ... ಭಾಳ ಸವದಾವು. ನಾ ಹಿಡಕೋತೀನಿ, ನಡೀರಿ."

.

ಸತ್ಯವನ್ನು ಮುಚ್ಚಿಡುವ ಪ್ರೀತಿಗಿಂತ, ಸತ್ಯ ಹೇಳಿ ಕೈ ಹಿಡಿಯುವ ಪ್ರೀತಿ ದೊಡ್ಡದು.

.

ನಿಮ್ಮ ಮನೆಯಲ್ಲಿ ಯಾರದೋ ಚಪ್ಪಲಿಗೆ ನೀವೂ ಗುಟ್ಟಾಗಿ ಹೊಲಿಗೆ ಹಾಕಿಸುತ್ತಿದ್ದೀರಾ...?