ಮಾಸ್ತರರ ಕೈಯಳತೆ

"ಹಿಟ್ಟೇನು ಇಲಿ ತಿಂತಾ? ಬೆಣ್ಣೆ ಏನು ಕಾಲು ಬಂದು ನಡ್ಕೊಂಡು ಹೋಯ್ತಾ? ಬಾಯಿ ಬಿಡು!"

ಬೇಕರಿ ಕೆಲಸ ಬಿಟ್ಟು ಮನೆಯಲ್ಲಿದ್ದ ಮಾಸ್ತರರು ಹಿಟ್ಟಿನ ಖಾಲಿ ಡಬ್ಬಿಯನ್ನು ಅಡುಗೆಮನೆಯ ನೆಲಕ್ಕೆ ಕುಕ್ಕಿದರು. ಸೊಸೆ ತರಕಾರಿ ಹೆಚ್ಚುತ್ತಲೇ ಇದ್ದಳು.

"ಭಾನುವಾರದ ಬಿಸ್ಕತ್ತಿಗೆ ನಾನು ಕಲಸೋದು ಒಂದು ತಟ್ಟೆಗೆ. ಖರ್ಚಾಗೋದು ಎರಡು ತಟ್ಟೆಯಷ್ಟು. ಬೇಕರಿ ಭಟ್ಟಿ ಮುಂದೆ ಕೂದಲು ಬೆಳ್ಳಗಾದವನು ನಾನು. ನನ್ನ ಕಣ್ಣಿಗೇ ಮಣ್ಣೆರಚ್ತೀಯಾ?"

"ಎಲ್ಲೂ ಹೋಗಿಲ್ಲ ಮಾವ. ಈ ಮನೆಯವರ ಹೊಟ್ಟೆಗೇ ಹೋಗಿದೆ."

"ಹೌದೌದು! ಹಾಗಾದ್ರೆ ಭಾನುವಾರ ಬಂತು ಅಂದ್ರೆ ಹಿಂಬಾಗಿಲಿಂದ ಒಂದು ಚೀಲ ಹಿಡ್ಕೊಂಡು ಹೋಗ್ತೀಯಲ್ಲ, ಅದರಲ್ಲೇನು? ಪಕ್ಕದ ಬೀದೀಲೇ ತವರು. ಮಗಳನ್ನ ಕಳ್ಳತನಕ್ಕೆ ಬಿಟ್ಟು, ತಿಂದು ತೇಗ್ತಾ ಕೂತಿದ್ದಾನೆ ನಿಮ್ಮಪ್ಪ!"

ಆ ಮಾತಿಗೆ ಚಾಕು ನಿಂತಿತು.

"ನನ್ನನ್ನ ಬೈಯಿರಿ, ಬೈಸ್ಕೋತೀನಿ. ಅಪ್ಪನ್ನ ಎಳೀಬೇಡಿ."

ಬಾಗಿಲಿಗೆ ಒರಗಿ ನಿಂತಿದ್ದ ಗಂಡ ಗಂಟಲು ಸರಿಮಾಡಿಕೊಂಡ. "ಚೀಲದಲ್ಲಿ ಏನಿತ್ತು ಅಂತ ಹೇಳಿಬಿಡೇ. ಅಪ್ಪ ಸುಮ್ಮಸುಮ್ಮನೆ ಹೇಳ್ತಾರಾ?"

ಅವಳು ಗಂಡನ ಮುಖವನ್ನು ನೋಡಿದಳು. ಯಾರೋ ದಾರಿಹೋಕನನ್ನು ನೋಡುವ ಹಾಗೆ. ಮತ್ತೆ ತರಕಾರಿಗೆ ಬಾಗಿದಳು.

ಕಳ್ಳರಿಗೆ ಬೈಗುಳ ನಾಟುವುದಿಲ್ಲ, ನಾಲ್ಕು ಜನರೆದುರು ಮಾನ ಹೋಗಬೇಕು. ಮಾಸ್ತರರು ಅದಕ್ಕೆ ಎಲ್ಲ ತಯಾರಿ ಮಾಡಿಕೊಂಡಿದ್ದರು. ಇವತ್ತಿನ ಊಟಕ್ಕೆ ಮಗಳನ್ನು ಕರೆದಿದ್ದರು, ಬೇಕರಿಯ ಹಳೆಯ ಧಣಿಯನ್ನೂ ಕರೆದಿದ್ದರು. ಊಟ ಮುಗಿದು ಬಿಸ್ಕತ್ತು ಬಾಯಲ್ಲಿ ಕರಗುವ ಹೊತ್ತಿಗೆ ಎದ್ದು ನಿಲ್ಲಬೇಕು. 'ಈ ಬಿಸ್ಕತ್ತಿನ ಹಿಟ್ಟು ಕದ್ದು ತವರು ಸಾಕುವವಳು ಇವಳೇ' ಎಂದು ಬೆರಳು ತೋರಿಸಬೇಕು. ಅವಳಪ್ಪನನ್ನೂ ಅಲ್ಲಿಗೇ ಕರೆಸಿ, ಮಗಳೆಂಬ ಅವನ ಸರಕನ್ನು ಅವನಿಗೇ ಒಪ್ಪಿಸಬೇಕು. ನೆನೆದಷ್ಟೂ ಅವರ ಎದೆ ತಣ್ಣಗಾಯಿತು.

ಅಂಗಡಿಯಿಂದ ಹೊಸ ಹಿಟ್ಟು, ಬೆಣ್ಣೆ ತರಿಸಿ ಕೈ ಹಾಕಿದರು. ಸಕ್ಕರೆ ಇಷ್ಟು, ಉಪ್ಪು ಚಿಟಿಕೆ, ಸೋಡಾ ಒಂದು ಉದುರು. ಎಲ್ಲ ಕೈಯಳತೆ. ತಕ್ಕಡಿ ಹಿಡಿಯುವವನು ಅಂಗಡಿಯವನು, ಕನ್ನಡಕ ಹಾಕಿಕೊಂಡು ಕಲಸುವವನು ಗುಮಾಸ್ತ, ಹಸಿ ಹಿಟ್ಟು ನೆಕ್ಕಿ ನೋಡುವವನು ಇನ್ನೂ ಕಲಿಯುವವನು ಎಂಬುದು ಅವರ ಹಳೆಯ ಮಾತು. ಬೇಕರಿಯಲ್ಲಿ ತಟ್ಟೆಯನ್ನು ಭಟ್ಟಿಯೊಳಗೆ ತಳ್ಳಿದರೆ ಮಾಸ್ತರರ ಕೆಲಸ ಮುಗಿಯಿತು. ಬೆಂದ ತಟ್ಟೆಯನ್ನು ಹೊರಗೆ ಎಳೆಯುವುದು ಕೈಯಾಳಿನ ಕೆಲಸ. ಮನೆಗೆ ಬಂದ ಮೇಲೂ ಆ ಗತ್ತು ಬಿಟ್ಟಿರಲಿಲ್ಲ. ತಟ್ಟೆಯನ್ನು ಬಿಸ್ಕತ್ತಿನ ಒಲೆಯೊಳಗಿಟ್ಟು, ಕೈ ತೊಳೆದು, ಹೊರಕೋಣೆಯಲ್ಲಿ ಮಲಗಿದರೆಂದರೆ ಊಟಕ್ಕೇ ಏಳುತ್ತಿದ್ದುದು. ಆಮೇಲಿನದೆಲ್ಲ ಸೊಸೆಗೆ.

ಇವತ್ತು ಮಾತ್ರ ಮಲಗಲಿಲ್ಲ. ಒಲೆಯ ಮುಂದೆ ಕುರ್ಚಿ ಎಳೆದು, ಲಟ್ಟಣಿಗೆಯನ್ನು ಗದೆಯ ಹಾಗೆ ತೊಡೆಯ ಮೇಲಿಟ್ಟುಕೊಂಡು ಕೂತರು.

"ಹೋಗಿ ಮಲಗಿ ಮಾವ. ನಾನು ತೆಗೀತೀನಿ," ಎಂದಳು ಸೊಸೆ.

"ನೀನು ಈ ಕಡೆ ಸುಳೀಬೇಡ."

"ನಿಜವಾಗ್ಲೂ ಮುಟ್ಟಬಾರದಾ?"

"ಮುಟ್ಟಿದ್ರೆ ಕೈ ಮುರೀತೀನಿ."

"ಇನ್ನೊಂದ್ಸಲ ಯೋಚನೆ ಮಾಡಿ ಮಾವ. ಧಣಿಗಳು ಬೇರೆ ಬರ್ತಿದ್ದಾರೆ."

"ನಿನ್ನ ಉಪದೇಶ ಯಾರಿಗೆ ಬೇಕು? ಹೋಗೇ!"

"ಸರಿ. ಹೇಳಿದ್ದು ನೀವೇ."

ಕೈ ಒರೆಸಿಕೊಂಡು ಹೊರಟಳು. ಅವಳ ತುಟಿಯಂಚಿನಲ್ಲಿ ನಗೆಯೊಂದು ಸುಳಿದದ್ದು ಮಾಸ್ತರರಿಗೆ ಕಂಡಿತು. ಇವಳು ಏನಾದರೂ ಬೆರೆಸಿಟ್ಟಿದ್ದಾಳೆಯೇ? ಎದ್ದು ಒಂದೊಂದೇ ಡಬ್ಬಿಯ ಮುಚ್ಚಳ ತೆಗೆದು ಬಗ್ಗಿ ನೋಡಿದರು. ಕನ್ನಡಕವಿಲ್ಲದ ಕಣ್ಣಿಗೆ ಎಲ್ಲವೂ ಬೆಳ್ಳಗೆ, ಇರಬೇಕಾದ ಹಾಗೆಯೇ ಕಂಡವು. ಮತ್ತೆ ಬಂದು ಕಾವಲು ಕೂತರು.

ಊಟ ಮುಗಿಯಿತು. ಬಿಸ್ಕತ್ತಿನ ತಟ್ಟೆಯನ್ನು ಮಾಸ್ತರರೇ ಹೊತ್ತು ತಂದರು.

"ಧಣಿ, ಇವತ್ತಿನದಕ್ಕೆ ಬೇರೆಯವರ ಗಾಳಿ ಕೂಡ ಸೋಕಿಲ್ಲ. ಕಲಸಿದ್ದೂ ನಾನೇ, ಸುಟ್ಟಿದ್ದೂ ನಾನೇ, ಎಳೆದದ್ದೂ ನಾನೇ. ಯಾಕೆ ಅಂತ ಆಮೇಲೆ ಹೇಳ್ತೀನಿ. ಮೊದಲು ಬಾಯಿಗೆ ಹಾಕಿ."

"ನಿಮ್ಮ ಕೈ ರುಚಿ ವಯಸ್ಸಾದ ಹಾಗೆ ಜಾಸ್ತಿ ಆಗ್ತಿದೆ ಅಂತ ನಿಮ್ಮ ಮಗ ಸಿಕ್ಕಾಗಲೆಲ್ಲ ಹೇಳ್ತಾನೆ ಮಾಸ್ತರೇ. ನೋಡೇಬಿಡೋಣ." ಧಣಿ ಒಂದನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡರು.

ದವಡೆ ನಿಂತಿತು. ಕಣ್ಣಲ್ಲಿ ನೀರು ಬಂತು. ಮಗಳು ಬಾಯಿಗೆ ಕೈ ಅಡ್ಡ ಹಿಡಿದು ಬಚ್ಚಲಿಗೆ ಓಡಿದಳು. ಮಗ ಅಂಗೈಗೆ ಉಗಿದುಕೊಂಡ.

ಧಣಿ ಎರಡು ಲೋಟ ನೀರು ಕುಡಿದು ಉಸಿರು ಬಿಟ್ಟರು. "ಮಾಸ್ತರೇ, ನನ್ನ ಉಪ್ಪಿನ ಋಣ ತೀರಿಸ್ತೀನಿ ಅಂತಿದ್ರಿ. ಇಷ್ಟೂ ಒಂದೇ ದಿನ ತೀರಿಸ್ಬೇಕಿತ್ತಾ?"

ಮಾಸ್ತರರು ಗಬಕ್ಕನೆ ಒಂದನ್ನು ಕಚ್ಚಿದರು. ಉಪ್ಪು. ಅದರ ಹಿಂದೆಯೇ ಸೋಡಾ, ಬಟ್ಟೆ ಸೋಪು ನೆಕ್ಕಿದ ಹಾಗೆ.

"ಇವಳೇ! ಇವಳೇ ಏನೋ ಹಾಕಿದ್ದಾಳೆ! ಇಷ್ಟು ವರ್ಷ ಒಂದು ದಿನ ಹೀಗಾಗಿತ್ತಾ?"

"ಅಪ್ಪ..." ಮಗ ತಲೆ ಎತ್ತದೆ ಹೇಳಿದ, "ಗಾಳಿ ಕೂಡ ಸೋಕಿಲ್ಲ ಅಂದ್ರಲ್ಲ ಈಗ."

ಸೊಸೆ ಆಗಲೇ ಬೀದಿಬಾಗಿಲ ಬಳಿ ಚಪ್ಪಲಿ ಮೆಟ್ಟಿ, ತನ್ನ ಬಟ್ಟೆಯ ಪೆಟ್ಟಿಗೆ ಹಿಡಿದು ನಿಂತಿದ್ದಳು. ಗಂಡ "ಎಲ್ಲಿಗೇ?" ಎಂದ. ಅವಳು ಅವನ ಕಡೆ ತಿರುಗಲಿಲ್ಲ.

"ಮಾವನಿಗೆ ನೋವಾಗಬಾರದು ಅಂತ, ಅವರು ಮಲಗಿದ ಮೇಲೆ ಅವರು ಮಾಡಿದ್ದನ್ನ ಚೀಲಕ್ಕೆ ತುಂಬಿ ತಿಪ್ಪೆಗೆ ಸುರಿದು, ನಾನು ಬೇರೆ ಕಲಸಿ ಸುಟ್ಟು ಇಡ್ತಿದ್ದೆ, ನಾನು ಈ ಮನೆಗೆ ಬಂದಾಗಿನಿಂದ ನೀವೆಲ್ಲ ಮಾವನ ಕೈ ಬಿಸ್ಕತ್ತು ತಿಂದದ್ದು ಇವತ್ತೇ ಮೊದಲು ಧಣಿಗಳೇ," ಎಂದವಳು ಬೀದಿಗಿಳಿದು ಹೋದಳು, ಮತ್ತೆ ಬರಲಿಲ್ಲ.