ಕೈ ಎತ್ತಿದವರು

ಕಡಲಂಚಿನ ಕ್ರೈಸ್ತ ದೇವಾಲಯವನ್ನು ಗುಡ್ಡದ ಮೇಲಕ್ಕೆ ಸಾಗಿಸುವುದೋ ಬೇಡವೋ ಎಂದು ತೀರ್ಮಾನಿಸಲು ಸಭೆ ಸೇರಿದ ಭಾನುವಾರ, ಕಡಲು ಹೊಸ್ತಿಲು ದಾಟಿ ಬೆಂಚುಗಳ ನಡುವೆ ಬಂದಿತ್ತು. ಎಂದಿನಂತೆ ಗಂಟೆ ಬಾರಿಸಿದೊಡನೆ ಹಿತ್ತಲಿನ ಸಮಾಧಿಗಳಿಂದ ಸತ್ತವರೂ ಎದ್ದು ಬಂದು ತಮ್ಮ ತಮ್ಮ ಜಾಗದಲ್ಲಿ ಕೂತರು. ದೀಕ್ಷಾಸ್ನಾನ ಪಡೆದವರ ಸದಸ್ಯತ್ವ ಸಾವಿನಿಂದ ರದ್ದಾಗುವುದಿಲ್ಲವಲ್ಲ. ಮಾತಾಡಲಾಗದಿದ್ದರೂ ಅವರಿಗೆ ಕೈ ಎತ್ತುವ ಹಕ್ಕಿತ್ತು.

“ಇಲ್ಲಿಯೇ ಇರ್ಬೇಕು ಅನ್ನುವವರು ಕೈ ಎತ್ತಿ,” ಎಂದರು ಪಾಸ್ಟರ್ ಸತ್ಯಮಿತ್ರ.

ಸತ್ತವರೆಲ್ಲರ ಕೈಗಳೂ ಮೇಲೆದ್ದವು. ಬದುಕಿದ್ದವರು ಒಂದೇ ಬೆಂಚಿನಲ್ಲಿ ಹಿಡಿಸುವಷ್ಟಿದ್ದರು.

“ಅವರ ಕಾಲು ಒದ್ದೆ ಆಗುದಿಲ್ಲ ಪಾಸ್ಟರೇ, ನಮ್ಮದು ಆಗ್ತದೆ,” ಎಂದಳು ಮಗುವನ್ನು ಸೊಂಟದಲ್ಲಿ ಎತ್ತಿಕೊಂಡಿದ್ದ ಸಲೋಮಿ. “ಕೊನೆಯ ಮಾತು ನಿಮ್ಮದಲ್ವಾ? ಹೇಳಿ ಮಾರಾಯ್ರೇ.”

ಗುಡ್ಡಕ್ಕೆ ಹೋಗೋಣ ಎನ್ನಲು ಬಾಯಿ ತೆರೆದ ಪಾಸ್ಟರರ ಕಣ್ಣು ಹೆಂಗಸರ ಸಾಲಿನತ್ತ ಹೊರಳಿತು. ಈ ಹಾಳು ಕಡಲಿನಿಂದ ದೂರ ಕರೆದುಕೊಂಡು ಹೋಗಿ ಎಂದು ಬದುಕಿದ್ದಷ್ಟು ಕಾಲ ಪೀಡಿಸಿದ್ದ ಹೆಂಡತಿ ಫ್ಲೋರಿನ್ ಕೂಡ ಕೈ ಎತ್ತಿ ಅವರನ್ನೇ ನೋಡುತ್ತಿದ್ದಳು. ಗುಡ್ಡದ ಮೇಲೆ ಬಾರಿಸಿದ ಗಂಟೆ ಸಮಾಧಿಗಳಿಗೆ ಕೇಳಿಸುವುದಿಲ್ಲ.

“ಇಲ್ಲಿಯೇ,” ಎಂದರು ಪಾಸ್ಟರು.

ಸಲೋಮಿ ಮಗುವನ್ನು ಸೊಂಟದಿಂದ ಹೆಗಲ ಮೇಲಕ್ಕೆ ಏರಿಸಿಕೊಂಡಳು.