ರಂಗೋಲಿಯ ಪಾರ್ಕು

"ಪಾರ್ಕು ನಿಮ್ದು. ಹೇಗಿರ್ಬೇಕು ಅಂತ ನೀವೇ ಹೇಳಿ," ಎಂದಿದ್ದರು ವಾರ್ಡಿನ ಸದಸ್ಯರು. "ಮೊದ್ಲು ಜಾಗ ಕ್ಲೀನ್ ಮಾಡ್ಕೊಳ್ಳಿ."

ಬೀದಿಯ ಹೆಂಗಸರೆಲ್ಲ ಸೇರಿ ಆ ಖಾಲಿ ನಿವೇಶನದ ಕಸ ಹೊತ್ತರು, ಕೈಯಲ್ಲಿ ಬೊಬ್ಬೆ ಬರುವಂತೆ ಜಾಲಿ ಕಡಿದರು. ಯಾರಿಗೆ ಏನು ಬೇಕೋ ಅದನ್ನೆಲ್ಲ ಕಮಲಾಕ್ಷಮ್ಮ ನೆಲದ ಮೇಲೆ ರಂಗೋಲಿಯಲ್ಲಿ ಬಿಡಿಸಿದರು: ಇಲ್ಲಿ ಉಯ್ಯಾಲೆ, ಅಲ್ಲಿ ಕಲ್ಲುಬೆಂಚು, ಸುತ್ತಲೂ ನಡೆಯುವ ದಾರಿ.

ಸಂಜೆ ಸದಸ್ಯರು ಬಂದರು, ಜೊತೆಗೊಬ್ಬ ಅಪರಿಚಿತ. ಆತ ಬೂಟುಗಾಲಲ್ಲೇ ಉಯ್ಯಾಲೆಯ ಮೇಲೆ ನಡೆದುಹೋದ.

"ಅಯ್ಯೋ, ರಂಗೋಲಿ ತುಳೀಬೇಡಿ ಸ್ವಾಮಿ!" ಎಂದರು ಕಮಲಾಕ್ಷಮ್ಮ. "ಯಾರಣ್ಣಾ ಇವ್ರು, ಪಾರ್ಕಿನ ಇಂಜಿನಿಯರಾ?"

ಸದಸ್ಯರು ಅವರ ಕಡೆ ತಿರುಗಲೇ ಇಲ್ಲ. ಬೆಂಚನ್ನು ತುಳಿದು ಆತನನ್ನು ಸೇರಿಕೊಂಡು ಹೇಳಿದರು:

"ನಾನ್ ಹೇಳಿರ್ಲಿಲ್ವಾ ಸಾರ್? ಒಬ್ಬ ಕೂಲಿಯವನೂ ಬೇಕಾಗ್ಲಿಲ್ಲ, ನಿಮ್ ಸೈಟು ಕ್ಲೀನಾಯ್ತು. ನಾಳೇನೇ ಕಾಂಪ್ಲೆಕ್ಸಿಗೆ ಪಾಯ ತೋಡ್ಸಿ."